ವೋಗ್‌ನ ಕಣ್ಣು ಯುದ್ಧಕ್ಕೆ ಹೋದಾಗ

1945ರ ಏಪ್ರಿಲ್. ಜರ್ಮನಿಯ ಲೈಪ್ಜಿಗ್ ನಗರ ಆಗಷ್ಟೇ ಅಮೆರಿಕದ ಸೈನ್ಯದ ಕೈಗೆ ಬಂದಿತ್ತು. ಪುರಭವನದ ಒಂದು ಕೋಣೆಯಲ್ಲಿ ನಗರದ ಹಣಕಾಸು ನೋಡಿಕೊಳ್ಳುತ್ತಿದ್ದ ನಾಜಿ ಅಧಿಕಾರಿ, ಅವನ ಹೆಂಡತಿ, ಮಗಳು ಮೂವರೂ ವಿಷ ತೆಗೆದುಕೊಂಡು ಸತ್ತಿದ್ದರು. ಮಗಳು ಚರ್ಮದ ಸೋಫಾದ ಮೇಲೆ ಮಲಗಿದ ಹಾಗಿದ್ದಳು. ಆ ಕೋಣೆಯನ್ನು ಫೋಟೋ ತೆಗೆದವರು ಒಬ್ಬರಲ್ಲ. ಲೈಫ್ ಪತ್ರಿಕೆಯ ಮಾರ್ಗರೆಟ್ ಬರ್ಕ್-ವೈಟ್ ಕೂಡ ತೆಗೆದಳು. ವೋಗ್ ಎಂಬ ಫ್ಯಾಷನ್ ಪತ್ರಿಕೆಯಿಂದ ಬಂದಿದ್ದ ಅಮೆರಿಕದ ಫೋಟೋಗ್ರಾಫರ್ ಲೀ ಮಿಲ್ಲರ್ ಇಡೀ ಕೋಣೆಯನ್ನೂ ತೆಗೆದಳು, ಆಮೇಲೆ ಸೋಫಾದ ಹತ್ತಿರ ಹೋಗಿ ಆ ಹುಡುಗಿಯ ಮುಖವನ್ನೂ ತೆಗೆದಳು. ವರದಿಯಲ್ಲಿ ಹುಡುಗಿಯ ಹಲ್ಲಿನ ಬಗ್ಗೆ ಬರೆದಳು. ಎಷ್ಟು ಚೆಂದದ ಹಲ್ಲು, ಮೇಲೆ ಧೂಳು ಕೂತಿದೆ ಅಂತ.

ಊರು ಸುಟ್ಟಿದೆ, ಹೆಣ ಬಿದ್ದಿವೆ, ಈಕೆಗೆ ಕಂಡಿದ್ದು ಹಲ್ಲು. ಮೊದಲ ಸಲ ಓದಿದಾಗ ನನಗೆ ಮೈ ಜುಮ್ಮೆಂದಿತ್ತು, ಸ್ವಲ್ಪ ಸಿಟ್ಟೂ ಬಂದಿತ್ತು. ಇದೇನು ಸೌಂದರ್ಯ ಸ್ಪರ್ಧೆಯೇ? ಆಮೇಲೆ ಯೋಚಿಸಿದರೆ, ಆ ಹಲ್ಲನ್ನು ಕಾಣಬಲ್ಲವಳು ಆ ಕೋಣೆಯಲ್ಲಿ ಈಕೆಯೇ ಇರಬೇಕು. ಹತ್ತೊಂಬತ್ತನೇ ವಯಸ್ಸಿನಿಂದ ಜನ ಅವಳ ಮುಖವನ್ನೇ ಅಳೆದು ತೂಗಿ ನೋಡಿದ್ದರು. ಆಮೇಲೆ ಅವಳೂ ವರ್ಷಗಟ್ಟಲೆ ಬೇರೆಯವರ ಮುಖವನ್ನು ಹಾಗೇ ನೋಡಿದ್ದಳು. ಆ ಕಣ್ಣನ್ನು ಯುದ್ಧದ ಬಾಗಿಲಲ್ಲಿ ಕಳಚಿಟ್ಟು ಒಳಗೆ ಹೋಗಲು ಅದೇನು ಚಪ್ಪಲಿಯೇ?

ಲೀ ಮಿಲ್ಲರ್ ಹೆಸರು ಈಚೆಗೆ ಜಾಸ್ತಿ ಕೇಳಿಬರುತ್ತಿದೆ. ಕೇಟ್ ವಿನ್ಸ್ಲೆಟ್ ನಟಿಸಿದ ‘ಲೀ’ ಸಿನಿಮಾ 2023ರಲ್ಲಿ ಟೊರಾಂಟೊ ಚಿತ್ರೋತ್ಸವದಲ್ಲಿ ಮೊದಲು ಬಂತು. ಲಂಡನ್ನಿನ ಟೇಟ್ ಬ್ರಿಟನ್ 2025ರ ಅಕ್ಟೋಬರ್‌ನಲ್ಲಿ ಆಕೆಯ ದೊಡ್ಡ ಪ್ರದರ್ಶನ ತೆರೆಯಿತು. ಸುಮಾರು 230 ಪ್ರಿಂಟ್‌ಗಳು, ಹಳೆಯದು ಹೊಸದು ಎಲ್ಲಾ ಒಂದೇ ಸೂರಿನಡಿ. ಇದರ ಸುತ್ತ ಬಂದ ಬರಹಗಳಲ್ಲಿ ಮಾತ್ರ ಅದೇ ಹಳೇ ಕಥೆ. ಚೆಂದದ ಮಾಡೆಲ್ ಒಬ್ಬಳಿದ್ದಳು, ದೊಡ್ಡ ಕಲಾವಿದನ ಪ್ರೇಯಸಿಯಾದಳು, ಆಮೇಲೆ ಇದ್ದಕ್ಕಿದ್ದ ಹಾಗೆ ಫ್ಯಾಷನ್ ಬಿಟ್ಟು ಯುದ್ಧಕ್ಕೆ ಹಾರಿದಳು ಎಂಬ ಕಥೆ. ಈ ‘ಹಾರಿದಳು’ ಅನ್ನುವುದರ ಮೇಲೆ ನನ್ನ ತಕರಾರು. ಆಕೆ ಹಾರಲಿಲ್ಲ, ಅದೇ ಕ್ಯಾಮೆರಾ ಹಿಡಿದುಕೊಂಡು, ಅದೇ ಪತ್ರಿಕೆಯ ಸಂಬಳದಲ್ಲಿ ನಡೆದೇ ಹೋದಳು. ಫ್ಯಾಷನ್ ಕಲಿಸಿದ್ದೇ ಯುದ್ಧದ ಚಿತ್ರಗಳಿಗೆ ಅಷ್ಟು ಬಲ ಕೊಟ್ಟಿತು.

ಶುರುವಿನಿಂದ ನೋಡೋಣ. ಲೀ ಹುಟ್ಟಿದ್ದು 1907ರಲ್ಲಿ, ನ್ಯೂಯಾರ್ಕ್ ರಾಜ್ಯದ ಪೊಕೀಪ್ಸಿ ಎಂಬ ಊರಲ್ಲಿ. ಅಪ್ಪ ಎಂಜಿನಿಯರ್, ಫೋಟೋ ತೆಗೆಯುವ ಹುಚ್ಚಿದ್ದವನು. ಮಗಳನ್ನು ಮಗುವಾಗಿದ್ದಾಗ ಮಾತ್ರವಲ್ಲ, ದೊಡ್ಡವಳಾದ ಮೇಲೂ ಬೆತ್ತಲೆ ಫೋಟೋ ತೆಗೆದ. ಇಂದು ನೋಡುವವರಿಗೆ ಅವು ಮುಜುಗರ ತರುವ ಚಿತ್ರಗಳು. ಏಳು ವರ್ಷದವಳಿದ್ದಾಗ ಮನೆಯವರಿಗೆ ಪರಿಚಯದ ಒಬ್ಬನಿಂದ ಅವಳ ಮೇಲೆ ಅತ್ಯಾಚಾರ ಆಗಿತ್ತು, ರೋಗವೂ ಅಂಟಿತ್ತು. ವರ್ಷಗಟ್ಟಲೆ ನೋವಿನ ಚಿಕಿತ್ಸೆ. ಇದನ್ನು ಆಕೆ ಹೆಚ್ಚುಕಡಿಮೆ ಯಾರಿಗೂ ಹೇಳಲಿಲ್ಲ.

ಮಾಡೆಲ್ ಆದದ್ದಕ್ಕೆ ಒಂದು ಸಿನಿಮೀಯ ಕಥೆ ಇದೆ. ನ್ಯೂಯಾರ್ಕಿನ ರಸ್ತೆಯಲ್ಲಿ ಕಾರಿಗೆ ಸಿಕ್ಕಿಬೀಳಲಿದ್ದ ಹುಡುಗಿಯನ್ನು ದಾರಿಹೋಕನೊಬ್ಬ ಹಿಂದಕ್ಕೆ ಎಳೆದ, ಅವನು ನೋಡಿದರೆ ವೋಗ್ ಪತ್ರಿಕೆಯ ಮಾಲೀಕ ಕೊಂಡೆ ನಾಸ್ಟ್. ಕಥೆಗೆ ಎಷ್ಟು ಉಪ್ಪುಖಾರ ಬಿದ್ದಿದೆಯೋ, 1927ರ ಮಾರ್ಚ್‌ನಲ್ಲಿ ವೋಗ್ ಮುಖಪುಟದಲ್ಲಿ ಅವಳ ಮುಖ ಬಂದದ್ದಂತೂ ನಿಜ. ಎಡ್ವರ್ಡ್ ಸ್ಟೈಕನ್‌ನಂಥ ದೊಡ್ಡ ಫೋಟೋಗ್ರಾಫರ್ ಎದುರು ನಿಂತಳು. 1928ರಲ್ಲಿ ಅವನು ತೆಗೆದ ಒಂದು ಫೋಟೋ ಕೊಟೆಕ್ಸ್ ಪ್ಯಾಡಿನ ಜಾಹೀರಾತಿನಲ್ಲಿ ಬಂತು. ನಿಜವಾದ ಹೆಣ್ಣಿನ ಮುಖ ಇಂಥ ಜಾಹೀರಾತಿನಲ್ಲಿ ಕಾಣಿಸಿಕೊಂಡದ್ದು ಅದೇ ಮೊದಲು ಎನ್ನುತ್ತಾರೆ. ಗಲಾಟೆಯೋ ಗಲಾಟೆ. ಅವಳನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ತನ್ನ ಮುಖ ತನ್ನದಲ್ಲ, ಪ್ರಿಂಟ್ ಯಾರ ಕೈಯಲ್ಲಿದೆಯೋ ಅವರದ್ದು ಎಂಬ ಪಾಠ ಆಗಲೇ ಸಿಕ್ಕಿತು. ಕ್ಯಾಮೆರಾದ ಈ ಕಡೆಗೆ ಬರಬೇಕೆಂದು ಅನ್ನಿಸಿದ್ದರೆ ಅದರಲ್ಲಿ ಆಶ್ಚರ್ಯವೇನು?

1929ರಲ್ಲಿ ಪ್ಯಾರಿಸ್‌ಗೆ ಹೋಗಿ ಹೆಸರಾಂತ ಕಲಾವಿದ, ಫೋಟೋಗ್ರಾಫರ್ ಮ್ಯಾನ್ ರೇ ಬಾಗಿಲು ತಟ್ಟಿದಳು. ಅವನ ಶಿಷ್ಯೆ, ಪ್ರೇಯಸಿ, ಮಾಡೆಲ್, ಡಾರ್ಕ್‌ರೂಮಿನ ಜೊತೆಗಾರ್ತಿ ಎಲ್ಲವೂ ಆದಳು. ಬೇಗನೆ ತನ್ನದೇ ಸ್ಟುಡಿಯೊ ಕೂಡ ಮಾಡಿಕೊಂಡಳು. ಒಂದು ದಿನ ಡಾರ್ಕ್‌ರೂಮಿನಲ್ಲಿ ಕಾಲಿನ ಮೇಲೆ ಏನೋ ಹರಿದಾಡಿತು, ಬಹುಶಃ ಇಲಿ. ಗಾಬರಿಯಲ್ಲಿ ಲೀ ದೀಪ ಹಾಕಿಬಿಟ್ಟಳು. ತೊಟ್ಟಿಯಲ್ಲಿ ತೊಳೆಯುತ್ತಿದ್ದ ನೆಗೆಟಿವ್‌ಗಳ ಮೇಲೆ ಬೆಳಕು ಬಿತ್ತು. ಹಾಳಾದವು ಅಂದುಕೊಂಡರೆ, ಆಕೃತಿಯ ಅಂಚಿಗೆ ಕಪ್ಪು ಗೆರೆ ಎಳೆದ ಹಾಗೆ, ಕತ್ತಲಿನ ಜಾಗದಲ್ಲಿ ಬೆಳ್ಳಿಯ ಮಿಂಚು ಬಂದಿತ್ತು. ಸೋಲರೈಸೇಶನ್ ಎಂದು ಕರೆಯುವ ಈ ಪರಿಣಾಮ ಹತ್ತೊಂಬತ್ತನೇ ಶತಮಾನದಿಂದಲೇ ಗೊತ್ತಿತ್ತು. ಅದನ್ನು ಬೇಕೆಂದಾಗ ಬೇಕಾದ ಹಾಗೆ ಬರಿಸುವುದನ್ನು ಇವರಿಬ್ಬರೂ ಸೇರಿ ಪಳಗಿಸಿಕೊಂಡರು. ಪುಸ್ತಕಗಳಲ್ಲಿ ಬಹಳ ಕಾಲ ಉಳಿದದ್ದು ಒಂದೇ ಹೆಸರು. ಯಾರದ್ದೆಂದು ಬೇರೆ ಹೇಳಬೇಕಿಲ್ಲ ಅಲ್ವಾ?

ಒಂದು ಜಗಳದ ಕಥೆಯೂ ಇದೆ. ಮ್ಯಾನ್ ರೇ ಬೇಡವೆಂದು ಎಸೆದ, ಅವಳದೇ ಕತ್ತಿನ ಒಂದು ನೆಗೆಟಿವ್ಅನ್ನು ಲೀ ಹೆಕ್ಕಿಕೊಂಡು, ತನಗೆ ಬೇಕಾದ ಹಾಗೆ ಕತ್ತರಿಸಿ ಪ್ರಿಂಟ್ ಮಾಡಿದಳು. ಇದು ನನ್ನ ಚಿತ್ರ ಎಂದಳು. ಅವನು ಸಿಟ್ಟಿನಲ್ಲಿ ಆ ಪ್ರಿಂಟಿನ ಗಂಟಲನ್ನು ಬ್ಲೇಡಿನಿಂದ ಕೊಯ್ದು ಕೆಂಪು ಶಾಯಿ ಚೆಲ್ಲಿದನಂತೆ. ಅವಳು ಬಿಟ್ಟುಹೋದ ಮೇಲೆ ತನ್ನ ಮೆಟ್ರೊನೋಮ್ (ಟಿಕ್ ಟಿಕ್ ಎಂದು ತಾಳ ಹಾಕುವ ಯಂತ್ರ) ಕಲಾಕೃತಿಯ ಮುಳ್ಳಿಗೆ ಅವಳ ಕಣ್ಣಿನ ಫೋಟೋ ಸಿಕ್ಕಿಸಿದ. ತುಟಿಯನ್ನು ಆಕಾಶದಷ್ಟಗಲ ಬರೆದ. ಕತ್ತು, ಕಣ್ಣು, ತುಟಿ. ಹೀಗೆ ಹೆಣ್ಣನ್ನು ತುಂಡು ತುಂಡಾಗಿ ನೋಡುವುದು, ಕನಸಿನಂಥ ವಿಚಿತ್ರ ಚಿತ್ರಗಳನ್ನು ಕಟ್ಟುತ್ತಿದ್ದ ಆ ಸರಿಯಲಿಸ್ಟ್ ಗಂಡಸರಿಗೆ ಒಂದು ಚಟವೇ ಆಗಿತ್ತು. ಲೀ ಅದಕ್ಕೆ ಉತ್ತರ ಕೊಟ್ಟ ರೀತಿ ಭಯಂಕರ. ಪ್ಯಾರಿಸ್ಸಿನ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆಯ ಫೋಟೋ ತೆಗೆಯಲು ಹೋದವಳು, ಕತ್ತರಿಸಿ ತೆಗೆದ ಸ್ತನವೊಂದನ್ನು ಸ್ಟುಡಿಯೊಗೆ ತಂದು, ಊಟದ ತಟ್ಟೆಯಲ್ಲಿಟ್ಟು, ಪಕ್ಕದಲ್ಲಿ ಚಾಕು ಫೋರ್ಕ್ ಇಟ್ಟು ಫೋಟೋ ತೆಗೆದಳು. ತುಂಡು ಬೇಕಾ, ತಗೊಳ್ಳಿ, ತಿನ್ನಿ ಎಂದ ಹಾಗೆ.

ಯಾರ ಹೆಸರು ಕೆಳಗೆ ಬೀಳುತ್ತದೆ ಅನ್ನುವುದು ಪ್ಯಾರಿಸ್ಸಿನದ್ದಷ್ಟೇ ಸಮಸ್ಯೆಯಲ್ಲ. ನಮ್ಮ ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಹೋಮಾಯಿ ವ್ಯಾರಾವಾಲಾ ಶುರುವಿನಲ್ಲಿ ತೆಗೆದ ಫೋಟೋಗಳು ಮುಂಬೈ ಪತ್ರಿಕೆಗಳಲ್ಲಿ ಬಂದದ್ದು ಅವರ ಗಂಡನ ಹೆಸರಿನಲ್ಲಿ. ಅವರೂ ಎರಡನೇ ಮಹಾಯುದ್ಧದ ಕಾಲದಲ್ಲೇ ಬೆಳೆದವರು, 1942ರಿಂದ ದೆಹಲಿಯಲ್ಲಿ ಬ್ರಿಟಿಷ್ ಮಾಹಿತಿ ಇಲಾಖೆಗೆ ಕೆಲಸ ಮಾಡಿದವರು. 1970ರಲ್ಲಿ ಕ್ಯಾಮೆರಾ ಕೆಳಗಿಟ್ಟು ವಡೋದರದಲ್ಲಿ ಸದ್ದಿಲ್ಲದೆ ಬದುಕಿದರು. ಪದ್ಮವಿಭೂಷಣ ಬಂದಾಗ 2011, ಅವರಿಗೆ 97 ವಯಸ್ಸು.

ಲೀಯ ಮುಂದಿನ ಕೆಲವು ವರ್ಷ ಬೇಗ ಹೇಳಿ ಮುಗಿಸುತ್ತೇನೆ. 1932ರಲ್ಲಿ ನ್ಯೂಯಾರ್ಕಿಗೆ ಬಂದು ತಮ್ಮ ಎರಿಕ್ ಜೊತೆ ಸ್ಟುಡಿಯೊ ತೆರೆದಳು. ಭಾವಚಿತ್ರ, ಜಾಹೀರಾತು, ಸುಗಂಧದ ಬಾಟಲಿ, ಸಿಕ್ಕಿದ್ದೆಲ್ಲ ತೆಗೆದಳು. 1934ರಲ್ಲಿ ಈಜಿಪ್ಟಿನ ಅಜೀಜ್ ಎಲೂಯಿ ಬೇ ಎಂಬುವನನ್ನು ಮದುವೆಯಾಗಿ ಸ್ಟುಡಿಯೊ ಮುಚ್ಚಿ ಕೈರೋಗೆ ಹೋದಳು. ಅಲ್ಲಿ ಬೇಸರವಾಯಿತು. 1937ರಲ್ಲಿ ಸಿವಾ ಓಯಸಿಸ್ ಬಳಿ ತೆಗೆದ ಒಂದು ಚಿತ್ರದಲ್ಲಿ ಹರಿದ ಸೊಳ್ಳೆಪರದೆಯ ತೂತಿನ ಆಚೆ ಬರೀ ಮರುಭೂಮಿ ಕಾಣುತ್ತದೆ. ಆ ಮದುವೆಯ ಬಗ್ಗೆ ಬೇರೇನೂ ಹೇಳಬೇಕಿಲ್ಲ. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಇಂಗ್ಲಿಷ್ ಕಲಾವಿದ ರೋಲಂಡ್ ಪೆನ್‌ರೋಸ್ ಸಿಕ್ಕ. ಬೇಸಿಗೆಯಲ್ಲಿ ಪಿಕಾಸೊ ಅವಳ ಆರು ಚಿತ್ರ ಬರೆದ. ಅವಳು ತನ್ನ ಜೀವಮಾನದಲ್ಲಿ ಪಿಕಾಸೊನ ಸಾವಿರಕ್ಕೂ ಹೆಚ್ಚು ಫೋಟೋ ತೆಗೆದಳು. ಜನ ನೆನಪಿಟ್ಟುಕೊಂಡದ್ದು ಆರನ್ನು.

1939ರಲ್ಲಿ ಯುದ್ಧ ಶುರುವಾಗುವ ಹೊತ್ತಿಗೆ ಲೀ ಲಂಡನ್ನಿನಲ್ಲಿದ್ದಳು. ಅಮೆರಿಕನ್ನರೆಲ್ಲ ಊರಿಗೆ ಹೊರಡಿ ಎಂದು ರಾಯಭಾರ ಕಚೇರಿ ಹೇಳಿದರೂ ಹೋಗಲಿಲ್ಲ. ಬ್ರಿಟಿಷ್ ವೋಗ್‌ನಲ್ಲಿ ಕೆಲಸಕ್ಕೆ ಸೇರಿಕೊಂಡಳು. ನನಗೆ ಅವಳ ಬದುಕಿನಲ್ಲಿ ಅತಿ ಕುತೂಹಲದ ಭಾಗ ಇದೇ, ಸಿನಿಮಾಗಳು ಓಡಿ ದಾಟಿಬಿಡುವ ಭಾಗವೂ ಇದೇ.

ಆಗಿನ ವೋಗ್ ಬರೀ ಗೌನು, ಹ್ಯಾಟಿನ ಪತ್ರಿಕೆಯಾಗಿ ಉಳಿದಿರಲಿಲ್ಲ. 1941ರ ಜೂನ್‌ನಿಂದ ಬ್ರಿಟನ್ನಿನಲ್ಲಿ ಬಟ್ಟೆಗೆ ರೇಷನ್ ಬಂತು, ಕೂಪನ್ ಇಲ್ಲದೆ ಕೋಟಿಲ್ಲ. ಕಾಗದಕ್ಕೂ ರೇಷನ್. ಹೆಂಗಸರನ್ನು ಕಾರ್ಖಾನೆಗೆ, ಹೊಲಕ್ಕೆ ಕರೆತರಬೇಕಿದ್ದ ಸರ್ಕಾರಕ್ಕೆ ಅವರ ಕೈಗೆ ತಲುಪುವ ಪತ್ರಿಕೆ ಬೇಕಿತ್ತು. ಯಂತ್ರಕ್ಕೆ ಉದ್ದ ಕೂದಲು ಸಿಕ್ಕಿ ಅಪಘಾತ ಆಗುತ್ತಿದ್ದಾಗ, ಗಿಡ್ಡ ಕೂದಲೇ ಈಗಿನ ಫ್ಯಾಷನ್ ಎಂದು ವೋಗ್ ಪುಟಗಳಲ್ಲಿ ಬಂತು. ಸಂಪಾದಕಿ ಆಡ್ರಿ ವಿದರ್ಸ್ ಇದನ್ನೆಲ್ಲ ಬುದ್ಧಿವಂತಿಕೆಯಿಂದ ನಡೆಸಿದಳು. ಅಂದರೆ ಇಲ್ಲಿ ಫ್ಯಾಷನ್ ಪುಟವೇ ಯುದ್ಧದ ಪುಟವಾಗಿತ್ತು. ಲೀ ಬಾಂಬ್ ಬಿದ್ದ ಕಟ್ಟಡದ ಮುಂದೆ ಮಾಡೆಲ್‌ಗಳನ್ನು ನಿಲ್ಲಿಸಿದಾಗ ಅದು ಸುಮ್ನೆ ಬೇರೆ ಥರ ಕಾಣಲಿ ಅಂತ ಮಾಡಿದ್ದಲ್ಲ. ಓದುಗರು ದಿನಾ ಆ ಕಲ್ಲುಮಣ್ಣಿನ ರಾಶಿ ದಾಟಿಕೊಂಡೇ ಕೆಲಸಕ್ಕೆ ಹೋಗುತ್ತಿದ್ದರು.

1941ರ ಒಂದು ಚಿತ್ರ ನೋಡಿ. ಲಂಡನ್ನಿನ ಡೌನ್‌ಶೈರ್ ಹಿಲ್‌ನಲ್ಲಿ, ಬಾಂಬ್ ದಾಳಿಯಿಂದ ಅಡಗುವ ನೆಲಮನೆಯ ಬಾಗಿಲಲ್ಲಿ ಇಬ್ಬರು ಹೆಂಗಸರು ಕೂತಿದ್ದಾರೆ. ಇಬ್ಬರ ಮುಖಕ್ಕೂ ಬೆಂಕಿಯಿಂದ ಕಾಪಾಡುವ ಮುಖವಾಡ. ನಗು ಬರುತ್ತದೆ, ಜೊತೆಗೆ ಹೆದರಿಕೆಯೂ ಆಗುತ್ತದೆ. 1943ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ತೆಗೆದ ಇನ್ನೊಂದರಲ್ಲಿ ಅಮೆರಿಕದ ಸೇನೆಯ ನರ್ಸ್ ಒಬ್ಬಳು ಶುದ್ಧ ಮಾಡಿದ ರಬ್ಬರ್ ಕೈಗವಸುಗಳನ್ನು ಒಣಗಿಸುತ್ತಿದ್ದಾಳೆ. ಸುತ್ತ ಬರೀ ಬಿಳಿ ಕೈಗಳು, ಮೈ ಇಲ್ಲದ ಕೈಗಳು. ಆಸ್ಪತ್ರೆಯ ನಿತ್ಯದ ಕೆಲಸ. ಆದರೆ ಆ ಕೈಗಳು ಯಾವ ಗಾಯದೊಳಗೆ ಹೋಗಿ ಬಂದವು ಎಂದು ನೋಡುವವರಿಗೆ ತಾನಾಗಿ ಹೊಳೆಯುತ್ತದೆ. ಪ್ಯಾರಿಸ್ಸಿನಲ್ಲಿ ಕಲಿತ ಕಣ್ಣು ಇಲ್ಲಿ ಕೆಲಸಕ್ಕೆ ಬಂತು. ಆ ಸರಿಯಲಿಸ್ಟ್ ಗೆಳೆಯರು ಕೋಣೆಯಲ್ಲಿ ಕೂತು ಕಲ್ಪಿಸಿಕೊಳ್ಳುತ್ತಿದ್ದದ್ದು ಲಂಡನ್ನಿನ ಬೀದಿಯಲ್ಲಿ ಪುಕ್ಕಟೆಯಾಗಿ ಬಿದ್ದಿತ್ತು.

1942ರ ಡಿಸೆಂಬರ್ ಹೊತ್ತಿಗೆ ಅಮೆರಿಕದ ಸೇನೆ ಅವಳಿಗೆ ಯುದ್ಧ ವರದಿಗಾರ್ತಿ ಎಂಬ ಮಾನ್ಯತೆ ಕೊಟ್ಟಿತು. ಲೈಫ್ ಪತ್ರಿಕೆಯ ಫೋಟೋಗ್ರಾಫರ್, ಗೆಳೆಯ ಡೇವಿಡ್ ಶೆರ್ಮನ್ ಕೊಟ್ಟ ಸಲಹೆ ಅದು. ಬ್ರಿಟಿಷ್ ಸೇನೆ ಹೆಂಗಸರನ್ನು ಹತ್ತಿರ ಸೇರಿಸುತ್ತಿರಲಿಲ್ಲ, ಇವಳು ಅಮೆರಿಕದವಳಾದ್ದರಿಂದ ಈ ದಾರಿ ಸಿಕ್ಕಿತು. ಸಮವಸ್ತ್ರವನ್ನು ಲಂಡನ್ನಿನ ದುಬಾರಿ ದರ್ಜಿಗಳ ಬೀದಿ ಸ್ಯಾವಿಲ್ ರೋದಲ್ಲಿ ಹೊಲಿಸಿಕೊಂಡಳು. ವೋಗ್ ಹುಡುಗಿ ಅಲ್ವಾ!

ಮಾನ್ಯತೆ ಇದ್ದರೂ ಹೆಂಗಸರಿಗೆ ಒಂದು ಗೆರೆ ಹಾಕಿದ್ದರು. ನರ್ಸ್‌ಗಳು ಎಲ್ಲಿವರೆಗೆ ಹೋಗುತ್ತಾರೋ ಅಲ್ಲಿವರೆಗೆ ಮಾತ್ರ, ಗುಂಡು ಹಾರುವ ಜಾಗಕ್ಕಿಲ್ಲ. ಹಾಗಾಗಿ 1944ರ ಬೇಸಿಗೆಯಲ್ಲಿ ಲೀ ನಾರ್ಮಂಡಿಗೆ ಹೋದದ್ದು ನರ್ಸ್‌ಗಳ ಬಗ್ಗೆ ಬರೆಯಲು. ಡೇರೆ ಆಸ್ಪತ್ರೆಯಲ್ಲಿ ಮೈಯೆಲ್ಲ ಸುಟ್ಟುಹೋದ ಒಬ್ಬ ಸೈನಿಕ ಇದ್ದ. ಮುಖಕ್ಕೆಲ್ಲ ಬ್ಯಾಂಡೇಜು, ಕಣ್ಣಿಗೆ, ಬಾಯಿಗೆ ಮಾತ್ರ ಸೀಳು. ನನ್ನದೊಂದು ಫೋಟೋ ತೆಗಿ, ನಾನು ಎಷ್ಟು ತಮಾಷೆಯಾಗಿ ಕಾಣ್ತೀನಿ ಅಂತ ನೋಡಬೇಕು ಎಂದು ಅವನೇ ಕೇಳಿದ. ಅವಳು ತೆಗೆದಳು. ಫೋಕಸ್ ಸರಿಯಾಗಿ ಮಾಡಲು ಆಗಲಿಲ್ಲ ಎಂದು ತಾನೇ ಬರೆದುಕೊಂಡಳು. ಭಾವಚಿತ್ರ ತೆಗೆಯುವವರಿಗೆ ಇದಕ್ಕಿಂತ ಕಷ್ಟದ ಗಿರಾಕಿ ಸಿಗಲಾರ. ಮುಖವೇ ಇಲ್ಲದವನು ತನ್ನ ಮುಖ ತೋರಿಸು ಎನ್ನುತ್ತಿದ್ದಾನೆ.

ಇಲ್ಲಿ ಕ್ಯಾಮೆರಾ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ಲೀ ಕೈಯಲ್ಲಿದ್ದದ್ದು ರೋಲಿಫ್ಲೆಕ್ಸ್. ಎರಡು ಲೆನ್ಸಿನ ಪೆಟ್ಟಿಗೆ. ಒಂದರಿಂದ ನೋಡುವುದು, ಇನ್ನೊಂದರಿಂದ ತೆಗೆಯುವುದು. ಕಣ್ಣಿಗೆ ಹಿಡಿಯುವಂಥದ್ದಲ್ಲ. ಕತ್ತಿಗೆ ನೇತುಹಾಕಿ, ಹೊಟ್ಟೆಯ ಹತ್ತಿರ ಹಿಡಿದು, ತಲೆ ಬಗ್ಗಿಸಿ ಮೇಲಿನ ಗಾಜಿನಲ್ಲಿ ನೋಡಬೇಕು. ಚಿತ್ರ ಎಡಬಲ ತಿರುಗಿ ಕಾಣುತ್ತದೆ. ಒಂದು ರೋಲಿಗೆ 12 ಚೌಕ ಚಿತ್ರ, ಅಷ್ಟೇ. ದೂರದ್ದನ್ನು ಹತ್ತಿರ ಎಳೆಯುವ ಲೆನ್ಸ್ ಇಲ್ಲ. ಹತ್ತಿರದ ಚಿತ್ರ ಬೇಕೆಂದರೆ ಕಾಲಿನಲ್ಲಿ ನಡೆದು ಹತ್ತಿರ ಹೋಗಬೇಕು. ಸ್ಟುಡಿಯೊದಲ್ಲಿ ಇದರಿಂದ ಏನೂ ತೊಂದರೆಯಿಲ್ಲ. ಗುಂಡು ಹಾರುವ ಕಡೆ 12 ಚಿತ್ರ ಮುಗಿದ ಮೇಲೆ ಗೋಡೆ ಮರೆಯಲ್ಲಿ ಕೂತು ರೋಲ್ ಬದಲಿಸಬೇಕು. ಅದಕ್ಕೇ ಅವಳ ಯುದ್ಧದ ಚಿತ್ರಗಳಲ್ಲಿ ಓಟ, ಗಡಿಬಿಡಿ ಕಡಿಮೆ. ನಿಂತು, ಚೌಕಟ್ಟು ಕಟ್ಟಿ, ಬೆಳಕು ನೋಡಿ ತೆಗೆದ ಹಾಗಿವೆ. ತಲೆ ತಗ್ಗಿಸಿ ತೆಗೆಯುವುದರಿಂದ ಎದುರಿನವರಿಗೂ ಅವಳು ಗುರಿ ಇಟ್ಟ ಹಾಗೆ ಕಾಣುತ್ತಿರಲಿಲ್ಲ.

ಆಗಸ್ಟ್‌ನಲ್ಲಿ ಫ್ರಾನ್ಸಿನ ಸೇಂಟ್ ಮಾಲೊ ಪಟ್ಟಣಕ್ಕೆ ಹೋಗು ಎಂದರು. ಊರು ಕೈಗೆ ಬಂದಿದೆ, ಇನ್ನು ಯುದ್ಧವಿಲ್ಲ ಎಂದೇ ಸೇನೆ ಹೇಳಿತ್ತು. ಹೋಗಿ ನೋಡಿದರೆ ಜರ್ಮನ್ನರು ಕೋಟೆಯೊಳಗಿಂದ ಗುಂಡು ಹಾರಿಸುತ್ತಲೇ ಇದ್ದರು. ಲೀ ವಾಪಸ್ ಬರಲಿಲ್ಲ. ಐದು ದಿನ 83ನೇ ಡಿವಿಷನ್ನಿನ ಸೈನಿಕರ ಜೊತೆ ಇದ್ದಳು. ಅಲ್ಲಿದ್ದ ಪತ್ರಕರ್ತೆ ಅವಳೊಬ್ಬಳೇ. ಓಡುವಾಗ ಹಿಮ್ಮಡಿಯ ಕೆಳಗೆ ತುಂಡಾದ ಕೈಯೊಂದು ಸಿಕ್ಕಿತು. ಅದನ್ನೆತ್ತಿ ರಸ್ತೆಯಾಚೆ ಎಸೆದೆ, ಇಷ್ಟು ಚೆಂದದ ಊರನ್ನು ಹೀಗೆ ಹಾಳು ಮಾಡಿಸಿದ ಜರ್ಮನ್ನರಿಗೆ ಶಾಪ ಹಾಕಿದೆ ಎಂದು ವೋಗ್‌ಗೆ ಬರೆದಳು. ತಟ್ಟೆಯ ಮೇಲಿನ ಸ್ತನ, ಒಣಗುವ ಕೈಗವಸು, ಈಗ ಈ ಕೈ. ಕಲೆಯಾಗಿ ಶುರುವಾದದ್ದು ಕಾಲಡಿಗೆ ಬಂದಿತ್ತು. ಅಮೆರಿಕದ ವಿಮಾನಗಳು ಸುರಿದ ನೇಪಾಮ್ ಬೆಂಕಿ ಅವಳ ಕೆಲವು ಚಿತ್ರಗಳಲ್ಲಿತ್ತು. ಆಗ ಅದು ಗುಟ್ಟಿನ ಆಯುಧ, ಸೆನ್ಸಾರ್‌ನವರು ಆ ಚಿತ್ರಗಳನ್ನು ತಡೆದರು. ಗೆರೆ ದಾಟಿದ್ದಕ್ಕೆ ಸೇನೆ ಅವಳನ್ನೂ ಸ್ವಲ್ಪ ದಿನ ಬಂಧನದಲ್ಲಿಟ್ಟಿತು.

ರೆನ್ ಪಟ್ಟಣದಲ್ಲಿ ಜರ್ಮನ್ನರ ಜೊತೆ ಸೇರಿದ್ದರು ಎಂಬ ಆರೋಪದ ಮೇಲೆ ಹೆಂಗಸರ ತಲೆ ಬೋಳಿಸಿ ನಿಲ್ಲಿಸಿದ್ದನ್ನೂ ತೆಗೆದಳು. ಮೂರು ವರ್ಷದ ಹಿಂದೆ ಗಿಡ್ಡ ಕೂದಲು ದೇಶಸೇವೆ ಎಂದ ಪತ್ರಿಕೆಯ ಫೋಟೋಗ್ರಾಫರ್, ಇಲ್ಲಿ ಕೂದಲನ್ನೇ ಶಿಕ್ಷೆಯಾಗಿ ನೋಡುತ್ತಿದ್ದಳು. ಆ ಗುಂಪಿನ ಕಿರುಚಾಟ ಆ ಚಿತ್ರಗಳಲ್ಲಿ ಅಷ್ಟಾಗಿ ಇಲ್ಲ. ಅವಮಾನ ನುಂಗುತ್ತಿರುವ ಮುಖಗಳಿವೆ.

ಪ್ಯಾರಿಸ್ ಬಿಡುಗಡೆಯಾದ ಕೂಡಲೇ ಮತ್ತೆ ಫ್ಯಾಷನ್. ಸತ್ತವರ ನಡುವಿನಿಂದ ಬಂದು ಹೊಸ ಗೌನುಗಳ ಫೋಟೋ ತೆಗೆದಳು. ಮಾಡೆಲ್‌ಗಳು ಸಾಕಷ್ಟು ಬಿನ್ನಾಣದಿಂದ ಇಲ್ಲ ಎಂದು ನ್ಯೂಯಾರ್ಕಿನಿಂದ ಅಮೆರಿಕನ್ ವೋಗ್ ಸಂಪಾದಕಿ ಎಡ್ನಾ ಚೇಸ್ ದೂರು ಕಳಿಸಿದಳು. ಯುದ್ಧ ನಡೀತಾ ಇದೆ ಅಂತ ಎಡ್ನಾಗೆ ಯಾರಾದರೂ ತಿಳಿಸಿ ಎಂಬ ಅರ್ಥದಲ್ಲಿ ಲೀ ಖಾರವಾಗಿ ಉತ್ತರಿಸಿದಳು. ‘ಹಾರಿದಳು’ ಎನ್ನುವ ಕಥೆಗೆ ಈ ಘಟನೆ ಒಗ್ಗುವುದಿಲ್ಲ. ಒಂದೇ ತಿಂಗಳಲ್ಲಿ ಎರಡೂ ಕೆಲಸ, ಒಂದೇ ಕ್ಯಾಮೆರಾದಲ್ಲಿ.

ಇನ್ನು ಬುಕೆನ್‌ವಾಲ್ಡ್, ಡಕಾವ್. ಡಕಾವ್ ಸೆರೆಶಿಬಿರ ಬಿಡುಗಡೆಯಾದದ್ದು 1945ರ ಏಪ್ರಿಲ್ 29ಕ್ಕೆ. ಲೀ ಮತ್ತು ಶೆರ್ಮನ್ 30ರಂದು ಒಳಗಿದ್ದರು. ಇಲ್ಲಿಯ ಹೆಣದ ರಾಶಿಯ ಚಿತ್ರಗಳನ್ನು ಬೇರೆಯವರೂ ತೆಗೆದಿದ್ದಾರೆ. ಲೀಯಲ್ಲಿ ನನಗೆ ಬೇರೆ ಎನಿಸುವುದು ಕೊಂದವರ ಚಿತ್ರಗಳು. ಬುಕೆನ್‌ವಾಲ್ಡ್‌ನಲ್ಲಿ ಕೈದಿಗಳಿಂದ ಏಟು ತಿಂದು ಮೂಗು ಒಡೆಸಿಕೊಂಡ ಕಾವಲುಗಾರರನ್ನು ಸ್ಟುಡಿಯೊ ಭಾವಚಿತ್ರದ ಹಾಗೆ ಹತ್ತಿರದಿಂದ, ನೇರವಾಗಿ ತೆಗೆದಳು. ಡಕಾವ್‌ನ ಕಾಲುವೆಯಲ್ಲಿ ತೇಲುತ್ತಿರುವ ಸತ್ತ ಎಸ್ಎಸ್ (ನಾಜಿಗಳ ಖಾಸಾ ಪಡೆ) ಕಾವಲುಗಾರನ ಮೇಲೆ ಬಿಸಿಲು, ನೀರು ಆಡುತ್ತಿವೆ. ಚಿತ್ರ ಚೆಂದವಿದೆ, ಅದೇ ಅದರ ತೊಂದರೆ. ಕೊಂದವನ ಹೆಣ ಚೆಂದ ಕಾಣಬಾರದು ಎಂದು ಮನಸ್ಸು ಹೇಳುತ್ತದೆ, ಆದರೆ ಕಣ್ಣು ಅಲ್ಲೇ ನಿಲ್ಲುತ್ತದೆ. ಇವನೂ ಒಬ್ಬ ಮನುಷ್ಯನೇ ಆಗಿದ್ದ ಎಂಬುದು ಹೊಟ್ಟೆಯಲ್ಲಿ ಕಲ್ಲಿನ ಹಾಗೆ ಕೂರುತ್ತದೆ. ರಾಕ್ಷಸ ಮಾಡಿದ ಎಂದರೆ ನಾವು ಆರಾಮಾಗಿ ಇರಬಹುದು. ಲೀ ಆ ಆರಾಮು ಕೊಡುವುದಿಲ್ಲ.

ಆದರೆ ಅವಳಿಗೆ ಆಗ ಬೇರೆಯದೇ ಭಯವಿತ್ತು. ಜನ ನಂಬುತ್ತಾರೋ ಇಲ್ಲವೋ ಎಂಬ ಭಯ. ಅದಕ್ಕೆ ಕಾರಣವಿತ್ತು. ಮೊದಲ ಮಹಾಯುದ್ಧದಲ್ಲಿ ಜರ್ಮನ್ನರು ಹೆಣಗಳಿಂದ ಕೊಬ್ಬು ತೆಗೆಯುವ ಕಾರ್ಖಾನೆ ನಡೆಸುತ್ತಾರೆ ಎಂಬ ಸುದ್ದಿ ಹಬ್ಬಿ, ಆಮೇಲೆ ಅದು ಸುಳ್ಳು ಎಂದು ಬಯಲಾಗಿತ್ತು. ಒಮ್ಮೆ ಮೋಸಹೋದ ಓದುಗರು ಈ ಸಲ ನಿಜವನ್ನೂ ಅನುಮಾನದಿಂದ ನೋಡುವ ಸಾಧ್ಯತೆ ಇತ್ತು. ಜನರಲ್ ಐಸೆನ್‌ಹೋವರ್‌ಗೂ ಇದೇ ಚಿಂತೆ. ಏಪ್ರಿಲ್ 12ರಂದು ಓರ್‌ಡ್ರುಫ್ ಶಿಬಿರ ನೋಡಿದವನೇ, ನಾಳೆ ಯಾರೂ ಇದು ಬರೀ ಪ್ರಚಾರ ಎನ್ನಬಾರದೆಂದು ಸಂಸದರನ್ನೂ ಪತ್ರಕರ್ತರನ್ನೂ ಕರೆಸಿದ. ಲೀ ತನ್ನ ಸಂಪಾದಕಿಗೆ ಕಳಿಸಿದ ಸಂದೇಶದಲ್ಲಿ, ಇದು ನಿಜ, ದಯವಿಟ್ಟು ನಂಬಿ ಎಂದು ಅಂಗಲಾಚಿದಳು.

ಅಮೆರಿಕನ್ ವೋಗ್ 1945ರ ಜೂನ್ ಸಂಚಿಕೆಯಲ್ಲಿ ‘ಇದನ್ನು ನಂಬಿ’ ಎಂಬರ್ಥದ ಶೀರ್ಷಿಕೆ ಹಾಕಿ ಚಿತ್ರಗಳನ್ನು ಪ್ರಕಟಿಸಿತು. ಪುಟಗಳ ಜೋಡಣೆ ಗಮನಿಸಬೇಕು. ಒಂದು ಕಡೆ ತಿಂದುಂಡು ಗುಂಡಗಿರುವ ಜರ್ಮನ್ ಮಕ್ಕಳು, ಪಕ್ಕದಲ್ಲಿ ಸುಟ್ಟ ಮೂಳೆ. ಒಂದು ಕಡೆ ಅಚ್ಚುಕಟ್ಟಾದ ಹಳ್ಳಿ, ಪಕ್ಕದಲ್ಲಿ ಅಷ್ಟೇ ಅಚ್ಚುಕಟ್ಟಾದ ಹೆಣ ಸುಡುವ ಒಲೆ. ಎರಡು ಚಿತ್ರ ಅಕ್ಕಪಕ್ಕ ಇಟ್ಟು ಹೋಲಿಸಿ ತೋರಿಸುವುದು ಫ್ಯಾಷನ್ ಪತ್ರಿಕೆಗಳ ದಿನನಿತ್ಯದ ಉಪಾಯ. ಬ್ರಿಟಿಷ್ ವೋಗ್ ಮಾತ್ರ ಹಿಂಜರಿಯಿತು. ಗೆದ್ದ ಸಂಭ್ರಮದ ಸಂಚಿಕೆಯಲ್ಲಿ ಒಂದು ಚಿಕ್ಕ ಚಿತ್ರ ಹಾಕಿ ಸುಮ್ಮನಾಯಿತು. ಆಡ್ರಿ ವಿದರ್ಸ್‌ಗೆ ಆಮೇಲೆ ಇದರ ಬಗ್ಗೆ ಬೇಸರ ಉಳಿಯಿತು.

ಡಕಾವ್ ನೋಡಿದ ಅದೇ ದಿನ ಸಂಜೆ ಇಬ್ಬರೂ ಮ್ಯೂನಿಕ್‌ಗೆ ಬಂದರು. ಪ್ರಿನ್ಸ್‌ರೆಗೆಂಟನ್‌ಪ್ಲಾಟ್ಸ್ 16, ಹಿಟ್ಲರನ ಅಪಾರ್ಟ್‌ಮೆಂಟು. ಬಿಸಿನೀರು ಬರುತ್ತಿತ್ತು. ಶೆರ್ಮನ್ ತೆಗೆದ ಆ ಚಿತ್ರ ಈಗ ಎಲ್ಲರಿಗೂ ಗೊತ್ತು. ಹಿಟ್ಲರನ ಸ್ನಾನದ ತೊಟ್ಟಿಯಲ್ಲಿ ಲೀ ಕೂತು ಭುಜ ಉಜ್ಜಿಕೊಳ್ಳುತ್ತಿದ್ದಾಳೆ. ತೊಟ್ಟಿಯ ಅಂಚಿಗೆ ಹಿಟ್ಲರನ ಫೋಟೋ ಒರಗಿಸಿದೆ. ಇನ್ನೊಂದು ಕಡೆ ಬೆತ್ತಲೆ ಹೆಣ್ಣಿನ ಪುಟ್ಟ ವಿಗ್ರಹ. ಮುಂದೆ ಅವಳ ಬೂಟು, ಅದರ ಕೊಳೆಯಿಂದ ಬಿಳಿ ಮ್ಯಾಟು ಹೊಲಸಾಗಿದೆ. ಆ ಕೊಳೆ ಡಕಾವ್‌ನದ್ದು.

ಆ ಕ್ಷಣಕ್ಕೆ ತಾನಾಗಿ ಸಿಕ್ಕಿದ ಚಿತ್ರ ಇದಲ್ಲ, ನೋಡಿದರೇ ಗೊತ್ತಾಗುತ್ತದೆ. ವಸ್ತುಗಳನ್ನು ಜೋಡಿಸಿ, ಮಾಡೆಲನ್ನು ಕೂರಿಸಿ ತೆಗೆದ ಫ್ಯಾಷನ್ ಚಿತ್ರದ ಹಾಗಿದೆ. ವಿಗ್ರಹವೂ ಅವಳೂ ಹೆಚ್ಚುಕಡಿಮೆ ಒಂದೇ ಭಂಗಿಯಲ್ಲಿದ್ದಾರೆ. ಹಾಗಾದರೆ ಇದು ಸುಳ್ಳೇ? ಇದರ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ. ಶಿಬಿರದಿಂದ ಬಂದು ಸ್ನಾನದ ತಮಾಷೆಯೇ ಎಂದು ಕೇಳುವವರಿದ್ದಾರೆ. ನನ್ನ ಅನಿಸಿಕೆ ಬೇರೆ. ಸಾಕ್ಷಿಯ ಚಿತ್ರಗಳನ್ನು ಆಕೆ ಬೆಳಿಗ್ಗೆಯೇ ತೆಗೆದು ಮುಗಿಸಿದ್ದಳು, ಅವುಗಳಲ್ಲಿ ಏನನ್ನೂ ಜೋಡಿಸಲಿಲ್ಲ. ಸಂಜೆಯದ್ದು ಸಾಕ್ಷಿಯಲ್ಲ, ಮಾತು. ಅಪ್ಪನ ಕ್ಯಾಮೆರಾದಿಂದ ಹಿಡಿದು ಮ್ಯಾನ್ ರೇ ತನಕ ಬೆತ್ತಲೆ ನಿಲ್ಲಿಸಿಕೊಂಡವಳು, ಈ ಸಲ ತಾನೇ ಹೂಡಿದ ಚಿತ್ರದಲ್ಲಿ ತಾನೇ ಕೂತಳು. ಅವಳ ನಂತರ ಶೆರ್ಮನ್ ತೊಟ್ಟಿಗೆ ಇಳಿದ, ಲೀ ಅವನ ಫೋಟೋ ತೆಗೆದಳು. ಅವನು ಯೆಹೂದಿ. ಹಿಟ್ಲರನ ಸ್ನಾನದ ಮನೆಯಲ್ಲಿ ಯೆಹೂದಿಯೊಬ್ಬ ಸೋಪು ಹಚ್ಚಿಕೊಳ್ಳುವ ಈ ಚಿತ್ರ ಅಷ್ಟು ಪ್ರಸಿದ್ಧವಾಗಲಿಲ್ಲ. ಯಾಕೆಂದು ಊಹಿಸುವುದು ಕಷ್ಟವೇನಲ್ಲ, ನೋಡುವವರಿಗೆ ಚೆಲುವೆ ಬೇಕು. ಅದೇ ದಿನ ಬರ್ಲಿನ್ನಿನ ನೆಲಮಾಳಿಗೆಯಲ್ಲಿ ಹಿಟ್ಲರ್ ಗುಂಡು ಹಾರಿಸಿಕೊಂಡು ಸತ್ತ. ಅದು ಇವರಿಗೆ ಆಗ ಗೊತ್ತಿರಲಿಲ್ಲ.

ಲೀಯನ್ನು ಈಗ ಮತ್ತೆ ಹುಡುಕಿ ನೋಡುತ್ತಿರುವುದಕ್ಕೆ ಬರೀ ಸಿನಿಮಾ ಕಾರಣವಲ್ಲ ಎನಿಸುತ್ತದೆ. ನಂಬಿ ಎಂದು ಬೇಡಿಕೊಳ್ಳುವ ಸ್ಥಿತಿ ಮತ್ತೆ ಬಂದಿದೆ. ಕಂಪ್ಯೂಟರ್ ಯಾವ ಮುಖವನ್ನು ಬೇಕಾದರೂ ಹುಟ್ಟಿಸಿಕೊಡುತ್ತದೆ. ನಿಜವಾದ ಹೆಣದ ಚಿತ್ರಕ್ಕೂ ಇದು ನಾಟಕ ಎಂಬ ಕಾಮೆಂಟು ಬೀಳುತ್ತದೆ. ಗಾಜಾದಲ್ಲಿ 2025ರ ಏಪ್ರಿಲ್‌ನಲ್ಲಿ ಫೋಟೋಗ್ರಾಫರ್ ಫಾ‍ತಿಮಾ ಹಸೂನಾ ತಮ್ಮ ಮನೆಯ ಮೇಲೆ ಬಿದ್ದ ಬಾಂಬಿಗೆ ಸತ್ತರು, 25 ವಯಸ್ಸು. ಆಗಸ್ಟ್‌ನಲ್ಲಿ ಎಪಿ ಸುದ್ದಿಸಂಸ್ಥೆಗೆ ಕೆಲಸ ಮಾಡುತ್ತಿದ್ದ ಮರಿಯಂ ದಗ್ಗಾ ಖಾನ್ ಯೂನಿಸ್‌ನ ನಾಸೆರ್ ಆಸ್ಪತ್ರೆಯಲ್ಲಿ ಸತ್ತರು. ಲೀಗೂ ಇವರಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಲೀ ಹೋದದ್ದು ಬೇರೆಯವರ ಊರಿಗೆ, ಗೆಲ್ಲುತ್ತಿದ್ದ ಸೈನ್ಯದ ಹಿಂದೆ. ಬೇಡವೆನಿಸಿದಾಗ ಲಂಡನ್ನಿಗೆ ವಾಪಸ್ ಬರಬಹುದಿತ್ತು. ಇವರು ತೆಗೆಯುತ್ತಿದ್ದದ್ದು ತಮ್ಮದೇ ಬೀದಿಯನ್ನು.

ವಾಪಸ್ ಬಂದ ಲೀಯೂ ಸುಖವಾಗಿ ಇರಲಿಲ್ಲ. ಯುದ್ಧ ಮುಗಿದ ಮೇಲೂ ವಿಯೆನ್ನಾದ ಮಕ್ಕಳ ಆಸ್ಪತ್ರೆ, ಹಂಗೆರಿ, ರುಮೇನಿಯಾ ಎಂದು ಅಲೆದಳು. ಔಷಧಿಯಿಲ್ಲದೆ ಸಾಯುತ್ತಿದ್ದ ಮಗುವಿನ ಪಕ್ಕ ನಿಂತಳು. 1946ರ ಜನವರಿಯಲ್ಲಿ ಬುಡಾಪೆಸ್ಟ್‌ನಲ್ಲಿ ಮಾಜಿ ಪ್ರಧಾನಿ ಬಾರ್ದೋಶಿಯನ್ನು ಗುಂಡಿಟ್ಟು ಕೊಂದದ್ದನ್ನು ತೆಗೆದಳು. ಆಮೇಲೆ ಪೆನ್‌ರೋಸ್ ಜೊತೆ ಮದುವೆ, 1947ರಲ್ಲಿ ಮಗ ಆಂಟನಿ, 1949ರಲ್ಲಿ ಸಸೆಕ್ಸ್‌ನ ಫಾರ್ಲಿ ಫಾರ್ಮ್. ಕುಡಿತ ಜಾಸ್ತಿಯಾಯಿತು. ಡಾಕ್ಟರ ಹತ್ತಿರ ಹೋದರೆ, ನಿನ್ನ ರೋಮಾಂಚನಕ್ಕಾಗಿ ಲೋಕವನ್ನು ಸದಾ ಯುದ್ಧದಲ್ಲಿ ಇಡಲು ಆಗುವುದಿಲ್ಲ ಎಂದರಂತೆ. ಯುದ್ಧ ಕಂಡವರ ಮನಸ್ಸಿಗೆ ಆಗುವ ಗಾಯಕ್ಕೆ ವೈದ್ಯರ ಪುಸ್ತಕದಲ್ಲಿ ಪಿಟಿಎಸ್‌ಡಿ ಎಂಬ ಹೆಸರು ಸೇರಿದ್ದು 1980ರಲ್ಲಿ. ಲೀ ಸತ್ತದ್ದು 1977ರಲ್ಲಿ.

ವೋಗ್‌ಗೆ ಆಕೆ ಕೊನೆಯದಾಗಿ ಮಾಡಿದ ಲೇಖನ 1953ರದ್ದು, ತುಂಬಾ ತಮಾಷೆಯದ್ದು. ತೋಟದ ಮನೆಗೆ ಬಂದ ಅತಿಥಿಗಳಿಗೆಲ್ಲ ಕೆಲಸ ಹಚ್ಚಿ ಫೋಟೋ ತೆಗೆದಿದ್ದಾಳೆ. ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂನ ಮೊದಲ ನಿರ್ದೇಶಕ ಆಲ್ಫ್ರೆಡ್ ಬಾರ್ ಹಂದಿಗಳಿಗೆ ಮೇವು ಹಾಕುತ್ತಿದ್ದಾನೆ. ಕೊನೆಯ ಚಿತ್ರದಲ್ಲಿ ಮನೆಯೊಡತಿ ಸೋಫಾದಲ್ಲಿ ನಿದ್ದೆ ಮಾಡುತ್ತಿದ್ದಾಳೆ. ಆಮೇಲೆ ಕ್ಯಾಮೆರಾ ಬಿಟ್ಟು ಅಡುಗೆ ಹಿಡಿದಳು. ಅಡುಗೆ ಶಾಲೆಗೆ ಹೋಗಿ ಕಲಿತಳು, ಸ್ಪರ್ಧೆಗಳಲ್ಲಿ ಬಹುಮಾನ ಗೆದ್ದಳು. ಹೂಕೋಸಿಗೆ ಗುಲಾಬಿ ಬಣ್ಣದ ಸಾಸ್ ಹಾಕಿ ಸ್ತನದ ಆಕಾರದಲ್ಲಿ ಬಡಿಸುವ ಒಂದು ಅಡುಗೆ ಇತ್ತು. ಆ ಹಳೇ ತಟ್ಟೆಯನ್ನು ಅವಳು ಮರೆತಿರಲಿಲ್ಲ ಕಾಣುತ್ತದೆ.

ಮಗನಿಗೆ ಅಮ್ಮ ಎಂದರೆ ಕುಡಿಯುವ, ರೇಗುವ ಹೆಂಗಸು. ಫೋಟೋ ವಿಷಯ ಯಾರಾದರೂ ಕೇಳಿದರೆ, ಅದೆಲ್ಲ ಏನೂ ಇಲ್ಲ ಎಂದು ಹಾರಿಸಿಬಿಡುತ್ತಿದ್ದಳು. ಅವಳು ಸತ್ತ ಮೇಲೆ ಒಂದು ದಿನ ಆಂಟನಿಯ ಹೆಂಡತಿ ಸುಸಾನಾ ಅಟ್ಟ ಹತ್ತಿದಳು. ಗಂಡ ಮಗುವಾಗಿದ್ದಾಗಿನ ಫೋಟೋ ಸಿಗಬಹುದೇ ಎಂದು ಹುಡುಕಲು ಹೋಗಿದ್ದು. ಸಿಕ್ಕಿದ್ದು ಪೆಟ್ಟಿಗೆಗಟ್ಟಲೆ ನೆಗೆಟಿವ್, ಪ್ರಿಂಟು, ಟೈಪ್ ಮಾಡಿದ ಹಾಳೆಗಳು. ಎಲ್ಲ ಸೇರಿ ಸುಮಾರು 60,000. ಅದರಲ್ಲಿ ಸೇಂಟ್ ಮಾಲೊ ಮುತ್ತಿಗೆಯ ಹಸ್ತಪ್ರತಿಯೂ ಇತ್ತು. ಓದಿದ ಆಂಟನಿ ಇದನ್ನು ತನ್ನ ಅಮ್ಮ ಬರೆದಳೆಂದು ನಂಬಲಿಲ್ಲ. ಅಚ್ಚಾದ ವೋಗ್ ಸಂಚಿಕೆ ಕಣ್ಣಿಗೆ ಕಂಡ ಮೇಲೆಯೇ ನಂಬಿದ.